ಎಡಗೈ ಹೊಲಿಗೆ

ಆಸ್ಪತ್ರೆಯಿಂದ ನಿವೃತ್ತರಾದ ಸಿಸ್ಟರ್ ಸುಮ್ಮನೆ ಮನೆಯಲ್ಲಿ ಕೂರುವ ಜೀವವಲ್ಲ. ಮೋರಿಯಾಚೆಯ ತಗಡಿನ ಮನೆಗಳಲ್ಲಿ ಓದು ಬಿಟ್ಟು ಕೂತ ಮಕ್ಕಳ ಪಟ್ಟಿ ಮಾಡಿದರು. ಈಚೆಯ ಬೀದಿಯಲ್ಲಿ ಕಸುಬು ಬಲ್ಲವರನ್ನೆಲ್ಲ ಹಿಡಿದು, ಒಬ್ಬೊಬ್ಬರಿಗೆ ಒಂದೊಂದು ಮಗುವನ್ನು ಗಂಟುಹಾಕಿದರು. ಭಾನುವಾರ ಎರಡು ಗಂಟೆ, ಬಿಟ್ಟಿ ಪಾಠ. ಪುರಸೊತ್ತಿಲ್ಲ ಎಂದವರ ಅಂಗಡಿ ಮುಂದೆ ಸ್ಟೂಲ್ ಹಾಕಿಕೊಂಡು ಕೂತೇಬಿಡುತ್ತಿದ್ದರು. ಕ್ಷೌರದವನು, ವೈರಿಂಗ್ ಕೆಲಸದವನು, ಕೊನೆಗೆ ಟೈಲರ್ ಮಾಸ್ಟರ್ ಕೂಡ ಹೀಗೇ ಬಲೆಗೆ ಬಿದ್ದವರು.

ಸಿಸ್ಟರ್ ಇಟ್ಟಿದ್ದು ಒಂದೇ ಕಟ್ಟಳೆ. "ಹೇಳಿ, ತೋರ್ಸಿ, ಬೇಕಾದ್ರೆ ಬೈರಿ. ಮಕ್ಕಳ ಕೆಲಸಕ್ಕೆ ಮಾತ್ರ ಕೈ ಹಾಕ್ಬೇಡಿ. ಹಾಕಿದವರು ಗುಂಪಿನಿಂದ ಹೊರಗೆ."

ಮಾಸ್ಟರ್ ಪಾಲಿಗೆ ಬಂದದ್ದು ಹದಿನೆಂಟರ ಹುಡುಗಿ, ಎಡಚಿ. ಮೂವತ್ತೈದು ವರ್ಷದ ಕಸುಬಿನಲ್ಲಿ ಅವರು ಎಡಗೈಯವರಿಗೆ ಕಲಿಸಿದ್ದೇ ಇಲ್ಲ. ಮೊದಲ ಎರಡು ವಾರ ತಲೆ ಕೆರೆದುಕೊಂಡರು. ಮೂರನೆಯ ವಾರ ಅವಳ ಎದುರಿಗೇ ಕೂತು, ಕನ್ನಡಿ ನೋಡಿದಂತೆ ತನ್ನನ್ನು ನೋಡಿ ಹೊಲಿಯಲು ಹೇಳಿದರು. ಅಲ್ಲಿಂದ ಅವಳ ಕೈ ಓಡಿತು, ಜೊತೆಗೆ ಬಾಯಿಯೂ. ಮಾಸ್ಟರಿಗೆ ಭಾನುವಾರ ಬೇಗ ಬರಬಾರದೇ ಎನಿಸತೊಡಗಿತು. "ನನ್ನ ಮುಖ ನೋಡಿ ಹೀಗೆ ಯಾವತ್ತಾದ್ರೂ ನಕ್ಕಿದ್ದುಂಟಾ?" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಹೊಲಿಗೆ ತರಬೇತಿ ಕೇಂದ್ರದ ಆಯ್ಕೆ ಪರೀಕ್ಷೆ ಬಂತು. ಸೀಟು ಸಿಕ್ಕರೆ ಒಂದು ವರ್ಷ ಊಟ, ವಸತಿ, ಮುಗಿದ ಮೇಲೆ ಕೆಲಸ. ಸಿಗದಿದ್ದರೆ ಅಮ್ಮನ ಹಿಂದೆ ಪಾತ್ರೆ ತೊಳೆಯಲು ಹೋಗಬೇಕು. ಅದಕ್ಕೆ ಅಮ್ಮ ಆಗಲೇ ಒಂದು ಮನೆ ಗೊತ್ತುಮಾಡಿ ಇಟ್ಟಿದ್ದಳು.

ಮೆಷಿನ್ ಮುಟ್ಟದೆ, ಸ್ವಂತ ಕೈಯಿಂದ ಸೂಜಿಯಲ್ಲೇ ಹೊಲಿದ ಒಂದು ಬಟ್ಟೆ ತರಬೇಕಿತ್ತು. ಹುಡುಗಿ ಮಗುವಿನ ಫ್ರಾಕ್ ಹೊಲಿದಳು. ಇಸ್ತ್ರಿಗೆಂದು ಹಿಂದಿನ ದಿನ ಅಂಗಡಿಯಲ್ಲಿ ಬಿಟ್ಟು ಹೋದಳು. ಮಾಸ್ಟರ್ ತಿರುಗಿಸಿ ನೋಡಿದರೆ, ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಗಲ ಹೊಲಿಗೆ ಸಡಿಲ. ಅಯ್ಯೋ, ಇಷ್ಟಕ್ಕೆ ಹುಡುಗಿಯ ಸೀಟು ಹೋದರೆ? ಅವರ ಜೀವ ತಡೆಯಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಅಷ್ಟನ್ನು ಬಿಚ್ಚಿ ತಾವೇ ಹೊಲಿದರು.

ಮರುದಿನ ಕೇಂದ್ರದ ಮೇಡಂ ಫ್ರಾಕಿನ ಒಳಮಗ್ಗುಲು ಹೊರಗೆ ಮಾಡಿ ಕನ್ನಡಕ ಏರಿಸಿದರು. "ಅಂಚಿನ ಹೊಲಿಗೆಯೆಲ್ಲ ಈ ಕಡೆ ವಾಲಿದೆ. ಇಲ್ಲಿ ನಾಲ್ಕು ಬೆರಳು ಮಾತ್ರ ಆ ಕಡೆ. ಇದು ಎಡಗೈ, ಇದು ಬಲಗೈ. ಯಾರಮ್ಮಾ ಹೊಲಿದದ್ದು?"

ಹುಡುಗಿ ಅಂಚು ನೋಡಿದಳು. ಅವಳಿಗೆ ಅರ್ಥವಾಯಿತು. ಬಾಗಿಲ ಕಡೆ ಮಾತ್ರ ತಿರುಗಲಿಲ್ಲ. ಬಾಗಿಲಲ್ಲಿ ಸಿಸ್ಟರ್ ಪಕ್ಕ ನಿಂತಿದ್ದ ಮಾಸ್ಟರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ನಾನು ಮೇಡಂ," ಎಂದರು. "ಪಾಪ, ಅವಳಿಗೆ ಗೊತ್ತೇ ಇಲ್ಲ. ಶಿಕ್ಷೆ ಏನಿದ್ರೂ ನನಗೆ ಕೊಡಿ."

ಮೇಡಂ ಫ್ರಾಕನ್ನು ಪಕ್ಕಕ್ಕೆ ಸರಿಸಿ, ಹೊಸ ಬಟ್ಟೆಯ ತುಂಡು ತೆಗೆದಿಟ್ಟರು. "ಒಂದು ಗಂಟೆ. ನನ್ನ ಕಣ್ಣೆದುರಿಗೇ ಹೊಲೀಬೇಕು."

ಹುಡುಗಿ ಸೂಜಿ ತೆಗೆದುಕೊಳ್ಳುವ ಮೊದಲು ಬಾಗಿಲ ತನಕ ಬಂದಳು. "ನನ್ನ ಹೊಲಿಗೆ ಸಾಲದು ಅಂತ ನಿಮಗೇ ಅನ್ನಿಸ್ತಾ ಮಾಸ್ಟ್ರೇ? ಬೇರೆ ಯಾರಿಗಾದ್ರೂ ಅನ್ನಿಸಿದ್ರೆ ನನಗೆ ಇಷ್ಟು ನೋಯ್ತಿರ್ಲಿಲ್ಲ."

ಆ ಒಂದು ಗಂಟೆ ಮಾಸ್ಟರ್ ಹೊರಗಿನ ಬೆಂಚಿನಲ್ಲಿ ಕೂತು ಬೆವೆತರು. ಸಿಸ್ಟರ್ ಬಾಯಿ ತುಂಬ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹುಡುಗಿ ಚೀಟಿ ಹಿಡಿದು ಹೊರಬಂದಳು. ಸೀಟು ಸಿಕ್ಕಿತ್ತು. ಸಿಸ್ಟರ್ ಅವಳನ್ನು ಅಪ್ಪಿಕೊಂಡು, ಆಮೇಲೆ ಮಾಸ್ಟರ್ ಕಡೆ ತಿರುಗಿದರು. "ಕಟ್ಟಳೆ ಗೊತ್ತಲ್ಲ? ನೀವಿನ್ನು ಬರೋದು ಬೇಡ."

ಮಾಸ್ಟರ್ ತಲೆಯಾಡಿಸಿದರು.

"ನಾನು ಕೇಂದ್ರಕ್ಕೆ ಹೋಗೋಕೆ ಮೊದ್ಲು ಇನ್ನೊಂದು ಭಾನುವಾರ ಬಾಕಿ ಇದೆ ಸಿಸ್ಟರ್," ಎಂದಳು ಹುಡುಗಿ. "ಆ ಎರಡು ಗಂಟೆ ನಂದು. ನಾನು ಇವರಿಗೆ ಪಾಠ ಮಾಡ್ತೀನಿ."

ಭಾನುವಾರ ಅವಳು ಮಾಸ್ಟರ್ ಎದುರಿಗೆ ಕೂತು, ಸೂಜಿಯನ್ನು ಅವರ ಎಡಗೈಗೆ ಕೊಟ್ಟಳು. "ಹೊಲೀರಿ." ಬೀದಿಗೆಲ್ಲ ಬಟ್ಟೆ ಹೊಲಿದ ಮನುಷ್ಯನಿಗೆ ದಾರ ಎಳೆಯಲೂ ಬಾರದಾಯಿತು. ಬೆರಳಿಗೆ ಚುಚ್ಚಿಕೊಂಡರು. ಒಂದು ಹೊಲಿಗೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಬಾಗಿಲಲ್ಲಿ ನಿಂತ ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾಸ್ಟರ್ ಮಾತ್ರ ಹಲ್ಲು ಕಚ್ಚಿ ಹೊಲಿಯುತ್ತಲೇ ಇದ್ದರು. ಹಣೆಯ ಮೇಲೆ ಬೆವರಿತ್ತು.

ಹುಡುಗಿ ನೋಡಿದಳು, ನೋಡಿದಳು. ಅವಳಿಗೇ ತಿಳಿಯದಂತೆ ಕೈ ಮುಂದೆ ಹೋಗಿ ಬಟ್ಟೆ ಕಿತ್ತುಕೊಂಡಿತು. ಸೊಟ್ಟ ಹೊಲಿಗೆ ಬಿಚ್ಚಲು ಉಗುರು ಹಾಕಿಯೂ ಆಗಿತ್ತು. ಆಗ ಎಚ್ಚರವಾಗಿ ಗಕ್ಕನೆ ನಿಂತಳು.

"ಹೀಗಾಗಿತ್ತಾ ಮಾಸ್ಟ್ರೇ, ನಿಮಗೆ?" ಎಂದಳು.

ಮಾಸ್ಟರ್ ಹೌದೆಂದು ತಲೆಯಾಡಿಸಿದರು.

ಅವಳು ಬಟ್ಟೆಯನ್ನು ಬಿಚ್ಚದೆ, ಇದ್ದ ಹಾಗೇ ಅವರ ಮಡಿಲಲ್ಲಿ ಇಟ್ಟಳು. "ನೀವೇ ಹೊಲೀರಿ. ಸೊಟ್ಟ ಇರ್ಲಿ ಬಿಡಿ. ನಾನು ಇಲ್ಲೇ ಇರ್ತೀನಿ."