ಒಲೆ ಆರಿದ ಮುಂಜಾನೆ

ಬೇಕರಿಯ ಒಲೆಯಿಂದ ಮೊದಲ ಸುತ್ತಿನ ಬನ್ನುಗಳು ಹೊರಬರುವ ಹೊತ್ತಿಗೆ ಸೊಸೆ ಗೋಡೆಗೊರಗಿ ನಿಂತಿದ್ದಳು. ಅತ್ತೆ ಟ್ರೇ ಎಳೆಯುತ್ತಲೇ ಕೇಳಿದರು.

“ಮತ್ತೆ ಹೊಟ್ಟೆನೋವಾ?”

“ಈಗ ಭುಜಾನೂ ಹಿಡ್ಕೊಂಡಿದೆ ಅತ್ತೆ. ತಲೆ ಸುತ್ತುತ್ತೆ.”

“ಹಿಟ್ಟು ನಾದೋರಿಗೆ ಭುಜ ನೋಯದೆ ಇರುತ್ತಾ? ನೋವು ಅಂತ ನಾನು ಒಂದು ದಿನಾನಾದ್ರೂ ಬಾಗಿಲು ಹಾಕಿದ್ದೀನಾ?”

ಅದು ನಿಜವೇ. ಮಗ ಹುಟ್ಟಿದ ಮುಂಜಾನೆಯೂ ಒಲೆ ಉರಿದಿತ್ತೆಂಬುದು ಅವರ ದೊಡ್ಡ ಹೆಮ್ಮೆ. ಬನ್ನು ಕೊಳ್ಳಲು ಬಂದವರಿಗೆಲ್ಲ ಆ ಕಥೆ ಪುಕ್ಕಟೆಯಾಗಿ ಸಿಗುತ್ತಿತ್ತು. ಸೊಸೆಗೆ ಮುಟ್ಟು ತಡವಾಗಿ, ಈಗ ತುಸು ತುಸು ರಕ್ತ ಕಾಣಿಸಿಕೊಂಡಿತ್ತು. ನಿನ್ನೆ ಮನೆಯಲ್ಲೇ ಬಸುರಿನ ಪರೀಕ್ಷೆ ಮಾಡಿಕೊಂಡರೆ ಪಟ್ಟಿಯಲ್ಲಿ ಒಂದೇ ಗೆರೆ. ಬಸುರಲ್ಲ, ಮುಟ್ಟೇ ತಡವಾಗಿದೆ ಎಂದು ಅತ್ತೆ ತೀರ್ಪು ಕೊಟ್ಟುಬಿಟ್ಟಿದ್ದರು.

ಗದರಿದರೂ ಅವರ ಕರುಳು ಕೇಳಲಿಲ್ಲ. ಎಣ್ಣೆ ತಂದು ಭುಜ ತಿಕ್ಕತೊಡಗಿದರು. ನಾದಿ ನಾದಿ ದಣಿದ ಭುಜದಲ್ಲಿ ಗಂಟು ಸಿಗಬೇಕು, ಒತ್ತಿದರೆ ಜೀವ ಹೋಗುವಂತಾಗಬೇಕು. ಅವರದೇ ಭುಜ ಎಷ್ಟೋ ವರ್ಷ ಹಾಗಿತ್ತು. ಇಲ್ಲಿ ಗಂಟೇ ಇಲ್ಲ.

“ಒತ್ತಿದ್ರೆ ನೋಯುತ್ತಾ?”

“ಇಲ್ಲ. ಒಳಗೆಲ್ಲೋ ಇದೆ. ಮಲಗಿದ್ರೆ ಇನ್ನೂ ಜಾಸ್ತಿ.”

ಇದು ಹಿಟ್ಟು ನಾದಿದ ನೋವಲ್ಲ ಎಂದು ಅತ್ತೆ ಎಣ್ಣೆಗೈ ಹಿಂತೆಗೆದರು. ಸೊಸೆಯ ಮುಖ ಹಿಟ್ಟಿನಂತೆ ಬಿಳುಚಿಕೊಂಡಿತ್ತು. ಅವರು ಎರಡನೇ ಸುತ್ತಿನ ಅರೆಬೆಂದ ಬನ್ನುಗಳನ್ನು ಅಲ್ಲೇ ಬಿಟ್ಟು ಒಲೆ ಆರಿಸಿದರು, ಸೊಸೆಯ ಸೊಂಟ ಬಳಸಿ ಹಿಡಿದು ಹೊರಬಂದು ಶಟರ್ ಎಳೆದರು.

“ದೊಡ್ಡಮ್ಮ, ನಮ್ಮ ಬನ್ನು?” ಸಾಲಿನಲ್ಲಿದ್ದವರು ಬೆರಗಾದರು.

“ಬನ್ನು ನಾಳೆನೂ ಬೇಯುತ್ತೆ. ಆಟೋ ಕರೀರಿ!”

ಆಸ್ಪತ್ರೆಯಲ್ಲಿ ಸಂಗತಿಯನ್ನೆಲ್ಲ ಹೇಳಿದ ಅತ್ತೆ, “ಬಸುರಂತೂ ಅಲ್ಲ ಡಾಕ್ಟರಮ್ಮ, ಒಂದೇ ಗೆರೆ ಬಂದಿದೆ,” ಎಂದರು.

“ಪಟ್ಟಿ ಹೇಳಿದ್ದೇ ಕೊನೆ ಮಾತಲ್ಲಮ್ಮ. ರಕ್ತ ಪರೀಕ್ಷೆನೂ ಸ್ಕ್ಯಾನೂ ಮಾಡ್ತೀನಿ.”

ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರಮ್ಮ ಅವಸರದಲ್ಲಿದ್ದರು. “ಬಸುರೇ. ಆದ್ರೆ ಗರ್ಭಕೋಶದಲ್ಲಲ್ಲ, ಪಕ್ಕದ ನಾಳದಲ್ಲಿ ನಿಂತಿದೆ. ಅಪರೂಪಕ್ಕೆ ಪಟ್ಟಿಯಲ್ಲಿ ಗೊತ್ತಾಗೋದೇ ಇಲ್ಲ. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸೋರ್ತಿದೆ, ಭುಜ ನೋಯ್ತಿರೋದು ಅದಕ್ಕೇ. ಈಗಲೇ ಆಪರೇಷನ್ ಆಗ್ಬೇಕು.”

“ನನ್ನ ಹುಡುಗಿ ಉಳೀತಾಳಾ?”

“ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದಿದ್ದೀರಿ.”

ಸಂಜೆ ಸೊಸೆ ಕಣ್ಣು ಬಿಟ್ಟಳು. ಕೈತಪ್ಪಿದ ಬಸುರಿಗಾಗಿ ಇಬ್ಬರೂ ಅತ್ತರು. ಆಮೇಲೆ ಅವಳು ಮೆಲ್ಲಗೆ ಕೇಳಿದಳು, “ಅತ್ತೆ, ಅಂಗಡಿ?”

“ಮುಚ್ಚಿದ್ದೀನಿ ಕಣೇ!” ಎಂದರು ಅತ್ತೆ, ಇಡೀ ವಾರ್ಡಿಗೆ ಕೇಳುವಂತೆ.

ಈಗ ಬನ್ನು ಕೊಳ್ಳಲು ಬಂದವರಿಗೆ ಸಿಗುವುದು ಒಲೆ ಉರಿದ ಮುಂಜಾನೆಯ ಕಥೆಯಲ್ಲ, ಆರಿದ ಮುಂಜಾನೆಯದು. ಹೊಟ್ಟೆನೋವೆಂದು ಮುಖ ಕಿವುಚಿದ ಹೆಣ್ಣುಮಕ್ಕಳನ್ನಂತೂ ಅತ್ತೆ ಅದನ್ನು ಪೂರ್ತಿ ಕೇಳಿಸದೆ ಕಳಿಸುವುದಿಲ್ಲ.

“ಅತ್ತೆ, ಬನ್ನು ಸೀಯ್ತಿದೆ!” ಗಲ್ಲಾದ ಹಿಂದಿನಿಂದ ಸೊಸೆ ಕೂಗುತ್ತಾಳೆ.

“ಸೀಯ್ಲಿ ಬಿಡು,” ಎನ್ನುತ್ತಾರೆ ಅತ್ತೆ.