ಚೊಕ್ಕ ಮಾಡಿದ ಆಕಾಶ

ಮದುವೆ ಫೋಟೊ ತೆಗೆಯುವವನಷ್ಟು ನತದೃಷ್ಟ ಇನ್ನೊಬ್ಬನಿಲ್ಲ. ಅವನ ಚಿತ್ರವನ್ನು ಯಾರೂ ನೋಡುವುದಿಲ್ಲ. ಅದರೊಳಗೆ ತಮ್ಮ ಮುಖ ಎಲ್ಲಿದೆ ಎಂದು ಹುಡುಕುತ್ತಾರೆ. ಸಿಕ್ಕಿದ ಮೇಲೆ, ಇಷ್ಟು ದಪ್ಪ ಯಾಕೆ ತೋರಿಸಿದೆ ಎಂದು ಅವನನ್ನೇ ಬೈಯುತ್ತಾರೆ. ಸಾಗರದಲ್ಲಿ ಸ್ಟುಡಿಯೊ ಇಟ್ಟಿದ್ದ ಮಂಜುನಾಥನಿಗೆ ಇದು ಸಾಕುಸಾಕಾಗಿತ್ತು. ಜೀವಮಾನದಲ್ಲಿ ತನ್ನ ಒಂದಾದರೂ ಫೋಟೊವನ್ನು ಜನ ನಿಂತು ನೋಡಬೇಕು. ಅಷ್ಟೇ ಅವನ ಆಸೆ.

ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ಗುರು, ಶುಕ್ರ ಎರಡೂ ಅಂಟಿಕೊಂಡಂತೆ ಕಾಣುತ್ತವೆ ಎಂದು ಪೇಪರಿನಲ್ಲಿ ಓದಿ ಅವನಿಗೆ ರೋಮಾಂಚನವಾಯಿತು. ಈ ಜೋಡಿ ಕಣ್ಣು ಮುಚ್ಚುವುದಿಲ್ಲ, ಮೇಕಪ್ಪಿಗೆಂದು ಕಾಯಿಸುವುದಿಲ್ಲ, ಹಿಂದೆ ಸೋದರಮಾವ ಬಂದು ನಿಲ್ಲುವುದಿಲ್ಲ. ಹೇಳಿದರೆ ಪೆಟ್ರೋಲಿನ ಮಾತು ಬರುತ್ತದೆಂದು ಹೆಂಡತಿ ಹೇಮಾವತಿಗೂ ಹೇಳದೆ, ಬೈಕನ್ನು ರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿದ. ವರದಹಳ್ಳಿ ಹತ್ತಿರದ ಗುಡ್ಡದ ಮೇಲೆ ಇಬ್ಬನಿಯಲ್ಲಿ ನೆನೆದು, ಹುಲ್ಲಿನ ಉಣುಗು ಹುಳುವಿನಿಂದ ಕಚ್ಚಿಸಿಕೊಂಡು ಚಿತ್ರ ತೆಗೆದ. ಕೆಳಗೆ ಕಪ್ಪು ಗುಡ್ಡ, ಮೇಲೆ ನೀಲಿ, ನಡುವೆ ಪಕ್ಕಪಕ್ಕದಲ್ಲಿ ಎರಡು ಬೆಳಕು. ಅವನ ಕಣ್ಣು ತುಂಬಿ ಬಂತು.

ಅಡಿಕೆ ಸೊಸೈಟಿಯವರು ಮುಂದಿನ ವರ್ಷದ ಕ್ಯಾಲೆಂಡರಿಗೆ ಚಿತ್ರ ಕೇಳಿದ್ದರು. ತನ್ನ ಗುಡ್ಡದ ಚಿತ್ರದಲ್ಲಿ ಏನಿದೆ ಎಂದು ಮಂಜುನಾಥ ಅವರಿಗೆ ಫೋನಿನಲ್ಲಿ ವರ್ಣಿಸಿದ. ಹೇಮಾವತಿಗೆ ಮಾತ್ರ, "ಆ ಗುಡ್ಡದ್ ಫೋಟೊ ಸೊಸೈಟಿಗೆ ಕಳ್ಸು" ಎಂದಷ್ಟೇ ಹೇಳಿ ಹೊಸನಗರದ ಮದುವೆಗೆ ಓಡಿದ. ಸ್ಟುಡಿಯೊದ ಕಂಪ್ಯೂಟರ್ ಕೆಲಸವೆಲ್ಲ ಅವಳದೇ. ಮದುಮಗಳ ಮೊಡವೆ, ಮದುಮಗನ ಗಲ್ಲದ ಗಾಯ, ಲೆನ್ಸಿನ ಧೂಳು, ಏನಿದ್ದರೂ ಒರೆಸಿ ಚೊಕ್ಕ ಮಾಡುವುದರಲ್ಲಿ ಎತ್ತಿದ ಕೈ. ಆಕಾಶದಲ್ಲಿ ಎರಡು ಬಿಳಿ ಚುಕ್ಕೆ ಕಂಡವು. ಒರೆಸಿದಳು, ಕಳಿಸಿದಳು, ಮರುದಿನದ ಮದುವೆಗೆಂದು ಮೂಲ ಚಿತ್ರವಿದ್ದ ಕ್ಯಾಮೆರಾ ಕಾರ್ಡನ್ನೂ ಖಾಲಿ ಮಾಡಿಟ್ಟಳು.

ಕ್ಯಾಲೆಂಡರು ಬಂತು, ಮನೆಮನೆಯ ಗೋಡೆ ಏರಿತು. ಮೇಲೆ ಖಾಲಿ ಆಕಾಶ. ಕೆಳಗೆ ದಪ್ಪಕ್ಷರದಲ್ಲಿ, "ಗುರು ಶುಕ್ರರ ಅಪೂರ್ವ ಜೋಡಿ. ಚಿತ್ರ: ಮಂಜುನಾಥ, ಸಾಗರ."

"ಧೂಳು ಅಂದ್ಕಂಡೆ ಕಣ್ರೀ," ಎಂದಳು ಹೇಮಾವತಿ. "ಗ್ರಹ ಅಂತ ನೀವು ಬಾಯಿ ಬಿಟ್ಟಿದ್ರಾ?"

ಬಿಟ್ಟಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂದು ಅವಳ ಜೊತೆ ಮಾತು ಬಿಟ್ಟ. ಪೇಟೆಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. "ಗ್ರಹಕ್ಕೆ ಬಸ್ ತಪ್ಪಿತಾ?" ಎಂದು ಕೆಲವರು ಕೇಳಿದರು. ಇನ್ನು ಕೆಲವರು ಕನ್ನಡಕ ಒರೆಸಿ ಹುಡುಕಿ, "ಸಣ್ಣಕೆ ಕಾಣ್ತಾವೆ" ಎಂದು ಅವನ ಮರ್ಯಾದೆ ಉಳಿಸಿದರು. ಅದು ಅವನಿಗೆ ಇನ್ನೂ ಹೆಚ್ಚು ಉರಿಯುತ್ತಿತ್ತು.

ಒಂದು ದಿನ ತಮ್ಮ ಮಗಳ ಮದುವೆಗೆ ಫೋಟೊ ಮಾತಾಡಲು ಪೇಟೆಯ ಜಟ್ಟಿಂಗಪ್ಪನವರು ಅವನನ್ನು ಮನೆಗೆ ಕರೆಸಿದರು. ಜಗಲಿಯಲ್ಲಿ ಅದೇ ಕ್ಯಾಲೆಂಡರು. ಆದರೆ ಆಕಾಶದಲ್ಲಿ ಎರಡು ಬಿಳಿ ಚುಕ್ಕೆ!

"ನಾನೇ ಇಟ್ಟಿದ್ದು ಮಾರಾಯ," ಎಂದರು ಅವರು, ವೀಳ್ಯದೆಲೆಗೆ ಸುಣ್ಣ ಸವರುತ್ತ. "ಹೆಸ್ರು ಬರ್ದು ಗ್ರಹಾನೇ ಇಲ್ಲ ಅಂದ್ರೆ ಮನೆಗೆ ಒಳ್ಳೇದಾ? ಹೆಂಗೂ ಬೆರಳಲ್ಲಿ ಸುಣ್ಣ ಇತ್ತು."

ಗುರು ಈ ಮೂಲೆ, ಶುಕ್ರ ಆ ಮೂಲೆ, ಮುನಿಸಿಕೊಂಡ ಬೀಗರ ಹಾಗೆ. ಮಂಜುನಾಥನಿಗೆ ತಡೆಯಲಾಗಲಿಲ್ಲ. "ಅಲ್ಲಲ್ಲ, ಪಕ್ಕದಲ್ಲೇ ಇದ್ವು!" ಎಂದು ಎರಡನ್ನೂ ಒರೆಸಿ, ಅವರ ಸುಣ್ಣದ ಡಬ್ಬಿ ಕಸಿದುಕೊಂಡು ಸರಿಯಾದ ಜಾಗದಲ್ಲಿಟ್ಟ. ಮನೆಮಂದಿಯೆಲ್ಲ ಬಂದು ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಮದುವೆ ಫೋಟೊದ ರೇಟು ಮಾತಾಡುವುದನ್ನೇ ಅವನು ಮರೆತ.

ಸುದ್ದಿ ಹಬ್ಬಿತು. "ನಮ್ಮನೆಗೂ ಬಂದು ಗ್ರಹ ಇಟ್ಟು ಹೋಗು" ಎಂದು ಜನ ಕರೆಯತೊಡಗಿದರು. ಹೀಗೆ ಊರಿಗೆಲ್ಲ ಸುಣ್ಣ ಇಟ್ಟು ಒಂದು ಸಂಜೆ ಸ್ಟುಡಿಯೊಗೆ ಬಂದರೆ, ಹೇಮಾವತಿ ಬೆರಳ ತುದಿಯಲ್ಲಿ ಸುಣ್ಣ ಹಿಡಿದು ಕ್ಯಾಲೆಂಡರಿನ ಎದುರು ನಿಂತಿದ್ದಳು.

"ಎಲ್ಲಿದ್ವು ತೋರ್ಸ್ರೀ."

ಮಾತು ಬಿಟ್ಟವನು ಮಾತಾಡದೆಯೇ ಅವಳ ಕೈ ಹಿಡಿದು ಚಿತ್ರದ ಗುಡ್ಡದ ಮೇಲಕ್ಕೆ ತಂದ. ಒಂದು ಚುಕ್ಕೆ ಇಟ್ಟಳು, ಅದಕ್ಕೆ ತಾಗಿದಂತೆ ಇನ್ನೊಂದು. ಹಿಂದೆ ಸರಿದು ಬಹಳ ಹೊತ್ತು ನೋಡಿದಳು.

"ಇಷ್ಟು ಹತ್ರಾನಾ?" ಎಂದಳು. "ನನ್ನನ್ನೂ ಎಬ್ಬಿಸ್ಬೇಕಿತ್ತು."