ಮೂವತ್ತೈದಪ್ಪ ಕಲಿತುಬಿಟ್ಟ

ಪರೀಕ್ಷೆ ಆಫೀಸಲ್ಲಿ ಮೂವತ್ತೈದಪ್ಪ ಅಂತ ಒಬ್ಬ ಇದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆದ್ರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದಿದ್ದೇ ಇಲ್ಲ. ಅವನ ಕೆಲಸ ಪರೀಕ್ಷೆ ಬರೆಯೋದು, ಅಷ್ಟೇ. ಇಪ್ಪತ್ತಾರು ವರ್ಷದಿಂದ ಲೆಕ್ಕದ ಪೇಪರ್ ಬರೀತಿದ್ದ, ಪ್ರತಿ ಸಲ ನೂರಕ್ಕೆ ಮೂವತ್ತೈದು ತಗೋತಿದ್ದ. ಮೂವತ್ತನಾಲ್ಕೂ ಇಲ್ಲ, ಮೂವತ್ತಾರೂ ಇಲ್ಲ.

ಅವನು ಬರೋಕೆ ಮುಂಚೆ ಆ ಆಫೀಸಿನ ಪಾಡು ಯಾರಿಗೂ ಬೇಡ. ಪೇಪರ್ ಕಷ್ಟ ಆಯ್ತೋ ಸುಲಭ ಆಯ್ತೋ ಅಂತ ತೀರ್ಮಾನ ಮಾಡೋಕೆ ಹನ್ನೆರಡು ಜನ ಮೇಷ್ಟ್ರು ಮೇಜಿನ ಸುತ್ತ ಕೂರ್ತಿದ್ರು. ಕೂದಲೆಳೆಯಲ್ಲಿ ಪಾಸಾಗೋ ವಿದ್ಯಾರ್ಥಿ ಒಬ್ಬನ್ನ ಮನಸ್ಸಲ್ಲೇ ಕಲ್ಪಿಸ್ಕೋಬೇಕು, ಈ ಪ್ರಶ್ನೆಗೆ ಅವನು ಉತ್ತರ ಬರೀತಾನಾ ಇಲ್ವಾ ಹೇಳ್ಬೇಕು. ಇದು ಕ್ರಮ. ಕಷ್ಟ ಏನಂದ್ರೆ ಹನ್ನೆರಡು ತಲೆಯಲ್ಲಿ ಹನ್ನೆರಡು ಥರದ ವಿದ್ಯಾರ್ಥಿ. ಒಬ್ಬರ ವಿದ್ಯಾರ್ಥಿಗೆ ಭಿನ್ನರಾಶಿ ಬರ್ತಿತ್ತು, ಪಕ್ಕದವರ ವಿದ್ಯಾರ್ಥಿಗೆ ಬರ್ತಿರಲಿಲ್ಲ. "ನಿಮ್ಮವನಿಗೇನು ಎರಡು ಕೋಡಿದೆಯಾ?" ಅಂತ ಒಬ್ಬರು ಕೇಳಿ, ಹುಟ್ಟೇ ಇಲ್ಲದ ಇಬ್ಬರು ಮಕ್ಕಳ ಸಲುವಾಗಿ ಇಬ್ಬರು ಮೇಷ್ಟ್ರು ಒಂಬತ್ತು ವರ್ಷ ಮಾತು ಬಿಟ್ಟಿದ್ರು.

ಅಷ್ಟರಲ್ಲಿ ದೊಡ್ಡ ಸಾಹೇಬರ ಕಣ್ಣಿಗೆ ಇವನ ಅಂಕಪಟ್ಟಿಗಳು ಬಿದ್ವು. ಶಾಲೆಯಲ್ಲಿ ಹತ್ತು ವರ್ಷ ಬರೆದ ಅಷ್ಟೂ ಪರೀಕ್ಷೆಯಲ್ಲೂ ಮೂವತ್ತೈದು. ಸಾಹೇಬರು ಖುದ್ದಾಗಿ ಮನೆ ಹುಡುಕ್ಕೊಂಡು ಹೋದ್ರು.

"ಏನಪ್ಪಾ, ಹೇಗೆ ಮಾಡ್ತೀಯ ಇದನ್ನ?"

"ಗೊತ್ತಿಲ್ಲ ಸಾರ್."

"ಅದೇ ನಮಗೆ ಬೇಕಾಗಿರೋದು."

ಅವತ್ತಿಂದ ಹೊಸ ಪೇಪರ್ ಮೊದಲು ಅವನ ಮುಂದೆ ಬರ್ತಿತ್ತು. ಮೂವತ್ತೈದು ಬಂದ್ರೆ ಪೇಪರ್ ಸರಿಯಿದೆ ಅಂತ ಮುದ್ರೆ. ಕಮ್ಮಿ ಬಂದ್ರೆ ಸಡಿಲ ಮಾಡು, ಜಾಸ್ತಿ ಬಂದ್ರೆ ಬಿಗಿ ಮಾಡು. ಕೆಲಸಕ್ಕೆ ಷರತ್ತು ಒಂದೇ, ಏನೂ ಕಲೀಬಾರದು.

ಮೂವತ್ತೈದಪ್ಪ ಅದನ್ನ ವ್ರತದ ಥರ ನಡೆಸ್ಕೊಂಡು ಬಂದ. ನ್ಯೂಸ್ ಪೇಪರ್ ಓದ್ತಿರಲಿಲ್ಲ, ಟೀವಿಯಲ್ಲಿ ರಸಪ್ರಶ್ನೆ ಬಂದ್ರೆ ಎದ್ದು ಹಿತ್ತಲಿಗೆ ಹೋಗ್ತಿದ್ದ. ಅಂಗಡಿ ಮುಂದೆ ನೂರಕ್ಕೆ ಇಪ್ಪತ್ತು ರಿಯಾಯಿತಿ ಅಂತ ಬೋರ್ಡು ಕಂಡ್ರೆ ರಸ್ತೆ ದಾಟಿಬಿಡ್ತಿದ್ದ, ಯಾಕಂದ್ರೆ ಶೇಕಡಾ ಅನ್ನೋದು ಸೀದಾ ಸಿಲಬಸ್ಸು. ಸಂಜೆ ತಿಂಡಿ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಕಟ್ಕೊಂಡು ಬಂದ್ರೆ ಜವಾನ ಹಾಳೆ ಬಿಚ್ಚಿಟ್ಟುಕೊಂಡು ತಿಂಡಿ ಮಾತ್ರ ತಟ್ಟೆಗೆ ಹಾಕಿ ಕೊಡ್ತಿದ್ದ. ಆಮೇಲೆ ಆ ಹಾಳೆನ ನೀಟಾಗಿ ಸವರಿ ತಾನೇ ಓದ್ಕೋತಿದ್ದ.

ಹೀಗಿರೋವಾಗ ಮಗಳು ಮೇಷ್ಟ್ರ ತರಬೇತಿಗೆ ಸೇರಿದ್ಲು. ಪಾಠ ಮಾಡಿ ತೋರಿಸೋ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿದ್ಲು. "ಪಾಠ ಚೆನ್ನಾಗಿದೆ, ಯಾರಿಗೂ ಅರ್ಥ ಆಗಿಲ್ಲ" ಅಂತ ಪರೀಕ್ಷಕರು ಬರೆದಿದ್ರು. ಇನ್ನೊಂದೇ ಸಲ ಅವಕಾಶ. ಅಭ್ಯಾಸಕ್ಕೆ ಅಂತ ಹಿಡಿದು ತಂದ ಅಕ್ಕಪಕ್ಕದ ಮಕ್ಕಳು ಎರಡನೇ ದಿನಕ್ಕೇ ಮಾಯ.

"ಅಪ್ಪಾ, ನೀನೇ ಕೂತ್ಕೋ. ನಿಂಗೇ ಮಾಡ್ತೀನಿ."

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ನಿಮ್ಮಪ್ಪನ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೇ. ಗೋಡೆಗೆ ಮಾಡು ಪಾಠ."

"ಗೋಡೆ ತಲೆ ಆಡಿಸಲ್ಲಮ್ಮ."

"ಇರ್ಲಿ ಬಿಡೇ," ಅಂದ ಮೂವತ್ತೈದಪ್ಪ. "ಹತ್ತು ವರ್ಷ ಅಷ್ಟೊಂದು ಮೇಷ್ಟ್ರು ಗುದ್ದಾಡಿದ್ರೂ ತಲೆಗೆ ಇಳೀಲಿಲ್ಲ. ಇವಳಿಂದ ಆಗುತ್ತಾ?"

ಮಗಳು ಮುಖ ಊದಿಸ್ಕೊಂಡು ಪಾಠ ಶುರು ಮಾಡಿದ್ಲು. ಹದಿನೆಂಟು ದಿನ ಏನೂ ಅನಾಹುತ ಆಗಲಿಲ್ಲ. ಅಪ್ಪ ಚೆನ್ನಾಗಿ ತಲೆ ಆಡಿಸ್ತಿದ್ದ, ಒಂದಕ್ಷರ ಒಳಗೆ ಹೋಗ್ತಿರಲಿಲ್ಲ. ಹತ್ತೊಂಬತ್ತನೇ ದಿನ ಅವಳು ಒಂದು ಕಾಗದದ ತ್ರಿಕೋನ ಕತ್ತರಿಸಿ, ಮೂರು ಮೂಲೆ ಹರಿದು, ಪಕ್ಕಪಕ್ಕ ಜೋಡಿಸಿಟ್ಲು. ಮೂರೂ ಸೇರಿ ನೆಟ್ಟಗೆ ಗೆರೆ ಎಳೆದ ಹಾಗೆ ಕೂತ್ವು.

ಮೂವತ್ತೈದಪ್ಪ ಬಗ್ಗಿ ನೋಡಿದ. "ಎಲ್ಲಾ ತ್ರಿಕೋನಕ್ಕೂ ಹೀಗೇನಾ?"

"ಎಲ್ಲಾದಕ್ಕೂ ಅಪ್ಪ."

"ಮುಚ್ಚು ಅದನ್ನ," ಅಂದ. ಆದ್ರೆ ಅಷ್ಟೊತ್ತಿಗೆ ಒಳಗೆ ಹೋಗಿಬಿಟ್ಟಿತ್ತು. ಹೆಂಡತಿಗೆ ಕಾಣದ ಹಾಗೆ ಹಿತ್ತಲಲ್ಲಿ ಕೂತು ಇನ್ನೂ ನಾಲ್ಕು ತ್ರಿಕೋನ ಹರಿದು ನೋಡಿದ. ನಾಲ್ಕೂ ಹಾಗೇ ಕೂತ್ವು.

ಮುಂದಿನ ವಾರ ಆ ವರ್ಷದ ಪೇಪರ್ ಬಂತು. ಅದೇ ದಿನ ಮೇಲಿನ ಇಲಾಖೆಯಿಂದ ತಪಾಸಣೆ ಮೇಡಮ್ಮೂ ಬಂದ್ರು. ಪರೀಕ್ಷೆ ನಡೆಸೋರನ್ನೇ ಪರೀಕ್ಷೆ ಮಾಡೋದು ಅವರ ಕೆಲಸ. ಅವನ ಎದುರಿಗೇ ಕುರ್ಚಿ ಹಾಕಿಸ್ಕೊಂಡು ಕೂತ್ರು.

ಹದಿನೇಳನೇ ಪ್ರಶ್ನೆ, ಪ್ರತಿ ವರ್ಷದ ಹಾಗೆ ತ್ರಿಕೋನ, ಆರು ಅಂಕ. ಇಪ್ಪತ್ತಾರು ವರ್ಷ ಆ ಜಾಗ ಖಾಲಿ ಬಿಟ್ಟಿದ್ದ. ಈ ಸಲವೂ ಬಿಟ್ಟ, ಹಾಳೆ ತಿರುಗಿಸಿದ. ಆದ್ರೆ ಗೊತ್ತಿಲ್ಲದೆ ಬಿಟ್ಟ ಖಾಲಿ ಜಾಗ ತಣ್ಣಗೆ ಇರುತ್ತೆ, ಗೊತ್ತಿದ್ದೂ ಬಿಟ್ಟಿದ್ದು ಚಪ್ಪಲಿಯೊಳಗಿನ ಕಲ್ಲಿನ ಥರ ಚುಚ್ಚುತ್ತೆ. ಮೂರು ಸಲ ಹಾಳೆ ಹಿಂದೆ ತಿರುಗಿಸಿ, ಕೊನೆಗೆ ಬರೆದೇ ಬಿಟ್ಟ.

ಗುಮಾಸ್ತೆ ಅಂಕ ಕೂಡಿದ್ಲು, ಮತ್ತೆ ಕೂಡಿದ್ಲು. "ನಲವತ್ತೊಂದು ಸಾರ್."

"ಪೇಪರ್ ಸಡಿಲ ಆಗಿದೆ," ಅಂದ್ರು ದೊಡ್ಡ ಸಾಹೇಬರು. ಪೇಪರ್ ತೆರೆದೂ ನೋಡಲಿಲ್ಲ, ನೋಡೋ ಅಭ್ಯಾಸ ಅವರಿಗಿರಲಿಲ್ಲ. "ಎರಡು ಗಟ್ಟಿ ಪ್ರಶ್ನೆ ಸೇರಿಸಿ, ಬಿಗಿ ಮಾಡಿ."

ಸುಮ್ನೆ ಇದ್ದಿದ್ರೆ ಮೂವತ್ತೈದಪ್ಪನ ಕೆಲಸ ಉಳೀತಿತ್ತು. ಆದ್ರೆ ಅವನಿಗೆ ತನ್ನ ಜಾತಿಯವರು ಕಣ್ಮುಂದೆ ಬಂದ್ರು. ಊರೂರಲ್ಲಿ ಬೆಂಚಿನ ಮೇಲೆ ಬೆವರ್ತಾ, ಮೂವತ್ತೈದಕ್ಕೆ ಒಂದು ಬೆರಳು ಹಾಕ್ಕೊಂಡು ನೇತಾಡ್ತಿರೋರು. ಪೇಪರ್ ಬಿಗಿಯಾದ್ರೆ ಅಷ್ಟೂ ಜನ ಒಟ್ಟಿಗೆ ಕೆಳಗೆ. ಅವನು ಎದ್ದು ನಿಂತ.

"ಸಾರ್, ಪೇಪರ್ ಸರಿಯಾಗೇ ಇದೆ. ನಾನು ಕಲಿತುಬಿಟ್ಟಿದ್ದೀನಿ."

"ಏನು ಹಾಗಂದ್ರೆ?"

"ತ್ರಿಕೋನ, ಸಾರ್. ತಪ್ಪಾಯ್ತು."

ಮೇಡಮ್ಮು ಹೋದ ವರ್ಷದ ಪೇಪರ್ ತರಿಸಿ ಬರೆಸಿದ್ರು. ಅದರಲ್ಲೂ ನಲವತ್ತೊಂದು. ಅದಕ್ಕಿಂತ ಹಿಂದಿನ ವರ್ಷದ್ದು, ಅದರಲ್ಲೂ ನಲವತ್ತೊಂದು.

"ಯಾರು ಕಲಿಸಿದ್ದು?"

"ನನ್ನ ಮಗಳು, ಮೇಡಂ."

"ಟೀಚರಾ?"

"ಇನ್ನೂ ಪಾಸಾಗಿಲ್ಲ."

ಅವತ್ತೇ ಆದೇಶ ಆಯ್ತು: 'ಸದರಿ ನೌಕರರು ಕಲಿತಿರುವುದು ಎರಡು ಬಾರಿ ಸಾಬೀತಾಗಿರುವುದರಿಂದ ಸದರಿ ಹುದ್ದೆಗೆ ಅನರ್ಹರು.' ಕೆಳಗೆ ಸಹಿ, ದುಂಡು ಮುದ್ರೆ.

ಹೆಂಡತಿ ಎರಡು ಸಲ ಓದಿದ್ಲು. "ಕಲಿತಿದ್ದಕ್ಕೆ ಕೆಲಸ ಕಳ್ಕೊಂಡ ಗಂಡಸು ನಮ್ಮ ಬೀದಿಯಲ್ಲಿ ನೀವೊಬ್ರೇ ಇರ್ಬೇಕು," ಅಂದು ಒಲೆ ಮುಂದೆ ಹೋಗಿ ಕೂತ್ಲು. ಮಗಳು ಮಾತ್ರ ಆದೇಶ ಬಿಡಿಸಿ ಬಿಡಿಸಿ ಓದಿ, ಮಡಚಿ ಬ್ಯಾಗಲ್ಲಿ ಇಟ್ಕೊಂಡ್ಲು. ಪಾಠದ ಪರೀಕ್ಷೆ ದಿನ ಪರೀಕ್ಷಕರ ಮುಂದೆ ಇಟ್ಲು. ತನ್ನ ವಿದ್ಯಾರ್ಥಿಗೆ ಅರ್ಥ ಆಗಿದೆ ಅಂತ ಸರ್ಕಾರಿ ಮುದ್ರೆ ಒತ್ತಿಸ್ಕೊಂಡು ಬಂದ ಅಭ್ಯರ್ಥಿನ ಅವರು ಹುಟ್ಟಿದಾಗಿಂದ ನೋಡಿರಲಿಲ್ಲ. ಪಾಸು ಮಾಡಿದ್ರು.

ಇತ್ತ ಆಫೀಸಲ್ಲಿ ಹೊಸ ಮೂವತ್ತೈದು ಬೇಕಲ್ಲ. ಬಾಗಿಲು ಹಾಕಿ ಎಲ್ಲರ ಕೈಯಲ್ಲೂ ಬರೆಸಿ ಅಂದ್ರು ಮೇಡಮ್ಮು. ಗುಮಾಸ್ತೆಗೆ ನಲವತ್ತೆಂಟು, ಅಷ್ಟು ವರ್ಷ ಪೇಪರ್ ಟೈಪ್ ಮಾಡಿದ್ಲಲ್ಲ. ಜವಾನನಿಗೆ ಎಪ್ಪತ್ತೆರಡು, ಎಲ್ಲಾ ತಿಂಡಿ ಹಾಳೆಯ ಕೃಪೆ. ದೊಡ್ಡ ಸಾಹೇಬರು ಮೂರು ಗಂಟೆ ಪೂರ್ತಿ ತಗೊಂಡು ಕೊನೆಗೆ ಕೊಟ್ರು.

ಮೂವತ್ತೈದು. ಮರುದಿನ ಇನ್ನೊಂದು ಪೇಪರ್ ಕೊಟ್ಟು ನೋಡಿದ್ರು, ಮೂವತ್ತೈದು.

"ನಿಮ್ಮಂಥೋರು ಸಿಗೋದು ಅಪರೂಪ," ಅಂದ್ರು ಮೇಡಮ್ಮು, ಆಮೇಲೆ ಏನೂ ಕಲೀಬಾರದು ಅನ್ನೋ ಹಳೇ ಷರತ್ತನ್ನ ಓದಿ ಹೇಳಿದ್ರು.

ಮೂವತ್ತೈದಪ್ಪನಿಗೂ ಅವರೇ ಒಂದು ಕುರ್ಚಿ ಹಾಕಿಸಿದ್ರು, ಮತ್ತೆ ಕರೆಸಿ ಕೂರಿಸಿದ ಹನ್ನೆರಡು ಮೇಷ್ಟ್ರ ಮೇಜಿನಲ್ಲಿ ಹದಿಮೂರನೇದು. ಏನೂ ಗೊತ್ತಿಲ್ಲದೇ ಇರೋದು ಅಂದ್ರೆ ಹೇಗಿರುತ್ತೆ ಅಂತ ಅಲ್ಲಿದ್ದ ಯಾರಿಗೂ ನೆನಪಿರಲಿಲ್ಲ. ಮೇಷ್ಟ್ರು ಜಗಳಕ್ಕೆ ನಿಂತಾಗ ಇವನ ಕಡೆ ತಿರುಗಿ "ಇದು ಬರುತ್ತೇನಪ್ಪಾ?" ಅಂತ ಕೇಳ್ತಾರೆ. ಇವನು ಕಣ್ಣು ಮುಚ್ಚಿ, ಹಳೇ ತಲೆಯೊಳಗೆ ಹೋಗಿ ನೋಡಿ, "ಅರ್ಧ ಬರುತ್ತೆ ಸಾರ್, ಅಲ್ಲಿಂದ ಮುಂದೆ ಕತ್ತಲೆ" ಅಂತಾನೆ. ಅವರು ಬರ್ಕೋತಾರೆ.

ಸಂಜೆ ಐದಕ್ಕೆ ಸಾಹೇಬರ ಕೋಣೆಗೆ ತಿಂಡಿ ಹೋಗುತ್ತೆ. ಜವಾನ ಬಾಗಿಲಲ್ಲೇ ಹಾಳೆ ಬಿಚ್ಚಿ ತಟ್ಟೆಗೆ ಹಾಕ್ತಾನೆ.

"ಏನು ಬರ್ದಿತ್ತಪ್ಪಾ ಅದರಲ್ಲಿ?" ಅಂತಾರೆ ಸಾಹೇಬರು.

"ನಿಮಗ್ಯಾಕೆ ಸಾರ್ ಅದೆಲ್ಲ," ಅಂತಾನೆ ಜವಾನ, ಹಾಳೆ ಮಡಚಿ ಜೇಬಿಗೆ ಇಟ್ಕೋತಾ. "ತಿನ್ನಿ, ಆರಿಹೋಗುತ್ತೆ."